ಗೊತ್ತಪ್ಪನ ಸಿ ಟೈಪು

ಅವನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಅದೀಗ ಮತದಾರರ ಪಟ್ಟಿಯಲ್ಲಿ ಮಾತ್ರ ಜೀವಂತವಾಗಿದೆ. ಉಳಿದ ಲೋಕಕ್ಕೆಲ್ಲ ಅವನು ಗೊತ್ತಪ್ಪ. ಯಾರು ಏನು ಕೇಳಿದರೂ ಅವನ ಬಾಯಿಂದ ಮೊದಲು ಉದುರುವ ಮಾತು "ಗೊತ್ತು". ಅವನನ್ನು ದಾರಿ ಕೇಳಿದ ಮುದುಕರೊಬ್ಬರು ಆಸ್ಪತ್ರೆಗೆ ಹೋಗುವ ಬದಲು ಈಜುಕೊಳ ಸೇರಿ, ಅಲ್ಲಿ ಸಾಲಿನಲ್ಲಿ ನಿಂತು ಚೀಟಿ ಕೂಡ ತೆಗೆದುಕೊಂಡಿದ್ದರು. "ಗೊತ್ತು" ಎನ್ನುವುದಕ್ಕೆ ಎರಡಕ್ಷರ ಸಾಕು, "ಗೊತ್ತಿಲ್ಲ" ಎನ್ನಲು ಮೂರು ಬೇಕು. ಆ ಒಂದಕ್ಷರ ಉಳಿಸಲು ಹೋಗಿ ಮನುಷ್ಯ ಎಷ್ಟು ಪಾಡು ಪಟ್ಟ ಎಂಬುದನ್ನು ಹೇಳಿದರೆ ನೀವು ನಂಬಲಿಕ್ಕಿಲ್ಲ. ಆದರೂ ಹೇಳುತ್ತೇನೆ.

ಗೊತ್ತಪ್ಪನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಹಿಂದಿನ ಕತ್ತಲೆ ಕೋಣೆಯಲ್ಲಿ ಗಿರಾಕಿಯನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಅದರೊಳಗೆ ಒಂದೊಂದೇ ಗಾಜು ಇಳಿಸುತ್ತಾ, "ಇದು ಚೆನ್ನಾಗಿ ಕಾಣತ್ತಾ? ಈಗ... ಇದಾ? ಮೊದಲನೇದಾ, ಎರಡನೇದಾ?" ಎಂದು ಕೇಳುವುದು. ಗಿರಾಕಿಗಳು ಬೆವರುತ್ತಿದ್ದರು. ಕೆಲವರು "ಇನ್ನೊಂದ್ಸಲ ತೋರಿಸಿ" ಎಂದು ಗೋಗರೆಯುತ್ತಿದ್ದರು. ಎರಡು ಗಾಜಿನಲ್ಲಿ ಒಂದನ್ನು ಆರಿಸಲು ಜನ ಇಷ್ಟು ಒದ್ದಾಡುವುದೇಕೆ ಎಂದು ಗೊತ್ತಪ್ಪನಿಗೆ ಆಶ್ಚರ್ಯ. ಆದರೆ ಕೆಲಸದಲ್ಲಿ ಅವನು ಗಟ್ಟಿಗ. ಅವನು ಕೊಟ್ಟ ಕನ್ನಡಕ ಹಾಕಿಕೊಂಡು ಯಾರೂ ಮೆಟ್ಟಿಲು ಎಡವಿದ್ದಿಲ್ಲ.

ಇಂಥ ಗೊತ್ತಪ್ಪನ ಜೊತೆ ಮಾತು ಬಿಟ್ಟಿದ್ದವರು ಜಗತ್ತಿನಲ್ಲಿ ಒಬ್ಬರೇ, ಅವನ ಮಾವ. ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಇಂಜಿನ್ ಬಿಚ್ಚಿ ಜೋಡಿಸಿ ನಿವೃತ್ತರಾದವರು. ಗೊತ್ತಪ್ಪನ ಮದುವೆಯಾದ ಹೊಸದರಲ್ಲಿ ಮಾವನ ಕಾರಿನ ಚಕ್ರ ಪಂಕ್ಚರ್ ಆಯಿತು. ಸ್ಪ್ಯಾನರ್ ಹಿಡಿಯಲು ಹೊರಟ ಮಾವನನ್ನು ತಡೆದು ಹೊಸ ಅಳಿಯ "ಬಿಡಿ ಮಾವ, ನನಗೆ ಗೊತ್ತು" ಎಂದ. ಚಕ್ರ ಬದಲಾಯಿಸಿಯೂ ಬದಲಾಯಿಸಿದ. ಹತ್ತು ನಿಮಿಷ ಆದ ಮೇಲೆ ಇಳಿಜಾರಿನಲ್ಲಿ ಒಂದು ಚಕ್ರ ಇವರ ಕಾರನ್ನು ಬಲಗಡೆಯಿಂದ ಹಿಂದೆ ಹಾಕಿ ಮುಂದೆ ಹೋಯಿತು. "ಯಾರದೋ ಚಕ್ರ ಬಿಚ್ಚಿಕೊಂಡಿದೆ ಪಾಪ" ಎಂದು ಗೊತ್ತಪ್ಪ ಮರುಗಿದ. ಮರುಗಿ ಮುಗಿಸುವುದರೊಳಗೆ ಕಾರು ಮೂಲೆಯೂರಿ ಕೂತಿತು. ಅಂದಿನಿಂದ ಹನ್ನೊಂದು ವರ್ಷ ಮಾವ ಅಳಿಯನೊಂದಿಗೆ ಆಡಿದ್ದು ಎರಡೇ ಮಾತು: "ಹೂಂ" ಮತ್ತು "ಉಹೂಂ". ಮಗಳ ಮನೆಯ ಮೆಟ್ಟಿಲನ್ನೂ ಅವರು ಹತ್ತಲಿಲ್ಲ. ಹಬ್ಬ ಹುಣ್ಣಿಮೆ ಎಂದು ಎಲ್ಲರೂ ನಗುನಗುತ್ತಾ ಕೂತ ಮನೆಯಲ್ಲಿ ಆ ಮೌನ ಗೊತ್ತಪ್ಪನನ್ನು ಒಳಗೊಳಗೇ ಕೊರೆಯುತ್ತಿತ್ತು. ಅವನಿಗೆ ತಂದೆ ಇರಲಿಲ್ಲ.

ಇಂತಿರಲು, ಒಂದು ಶನಿವಾರ ಅವನು ತನ್ನ ಹದಿನಾಲ್ಕು ವರ್ಷದ ಹಳೇ ಕಾರಿಗೆಂದು ಒಂದು ಫೋನ್ ಚಾರ್ಜರ್ ತಂದ. ಸಿಗರೇಟ್ ಹಚ್ಚುವ ತೂತಿಗೆ ಸಿಕ್ಕಿಸುವಂಥದ್ದು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ "ಸೂಪರ್ ಚಾರ್ಜರ್" ಎಂದೂ, ಕೆಳಗೆ ಇರುವೆ ಗಾತ್ರದಲ್ಲಿ "ಮೊಬೈಲ್ ಫೋನಿಗೆ, ಟೈಪ್ ಸಿ" ಎಂದೂ ಬರೆದಿತ್ತು. ಮರುದಿನ ಭಾನುವಾರ ಮಾವನ ಮನೆಯಲ್ಲಿ ಊಟ. ಷಡ್ಡಕ, ಎಂದರೆ ಅವನ ಹೆಂಡತಿಯ ಅಕ್ಕನ ಗಂಡ, ತನ್ನ ಹೊಸ ಕಾರಿನ ಗುಣಗಾನ ಶುರು ಮಾಡಿದ್ದರು. ಅವರು ಕಾರಿನ ಪತ್ರಿಕೆಗಳನ್ನು ಉಸಿರಾಡಿಯೇ ಬದುಕಿದ್ದವರು. ಅನ್ನಕ್ಕೆ ಸಾರು ಬೀಳುವವರೆಗೂ ಕೇಳಿಸಿಕೊಂಡ ಗೊತ್ತಪ್ಪ, ಮಾತಿಗೆ ಮಾತು ಎಂದು ಹೇಳಿದ:

"ನಾನೂ ಕಾರಿಗೆ ಒಂದು ಸೂಪರ್ ಚಾರ್ಜರ್ ತಂದಿದೀನಿ ಭಾವ."

ಷಡ್ಡಕರ ಕೈಯ ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತಿತು.

"ಆ ಡಬ್ಬಾ ಕಾರಿಗೆ? ಸೂಪರ್‌ಚಾರ್ಜರ್? ನೀನು?"

"ಯಾಕೆ, ಹಳೇ ಕಾರಿಗೆ ಹಾಕಬಾರದಾ?"

"ಹಾಕಬಹುದಪ್ಪ, ಹಾಕಬಹುದು... ಯಾವ ಟೈಪು?"

"ಸಿ ಟೈಪು."

"ಸಿ..." ಷಡ್ಡಕರು ಸೂರು ನೋಡಿದರು. "ಸಿ ಅಂದ್ರೆ ಸೆಂಟ್ರಿಫ್ಯೂಗಲ್! ಅಬ್ಬಾ! ಬಿಸಿ ಆಗಲ್ವಾ?"

"ಸ್ವಲ್ಪ ಬೆಚ್ಚಗಾಗತ್ತೆ. ಕಿಟಕಿ ಇಳಿಸಿದ್ರೆ ಆಯ್ತು."

"ಕಿಟಕಿ!" ಎಂದು ಷಡ್ಡಕರು ಮೆಲ್ಲಗೆ ಹೇಳಿಕೊಂಡರು. ಇಂಥ ತಂತ್ರವನ್ನು ಯಾವ ಪತ್ರಿಕೆಯೂ ಬರೆದಿರಲಿಲ್ಲ. "ಫಿಟ್ ಮಾಡೋರು ಯಾರು?"

"ಅದಕ್ಕೆಲ್ಲ ಯಾರು ಬೇಕು ಭಾವ? ನಾನೇ. ತೂತಿಗಿಟ್ಟು ಒಂದ್ಸಲ ಒತ್ತಿದ್ರೆ ಕೂತ್ಕೊಳ್ಳತ್ತೆ. ಬೇಡ ಅನ್ಸಿದ್ರೆ ಹದಿನೈದು ದಿನದಲ್ಲಿ ಟೈಪು ಬದಲಾಯಿಸಿಕೊಳ್ಳಬಹುದಂತೆ."

ಆಗ ಊಟದ ಮನೆಯ ಆ ತುದಿಯಿಂದ ಒಂದು ಗಂಟಲು ಸರಿ ಮಾಡಿಕೊಂಡ ಸದ್ದು ಬಂತು.

"ಸೆಂಟ್ರಿಫ್ಯೂಗಲ್ ಬೇಡ."

ಮಾತಾಡಿದ್ದು ಮಾವ. ಅತ್ತೆಯ ಕೈಯಿಂದ ಸೌಟು ಜಾರಿತು. ಹೆಂಡತಿ ಗಂಡನ ಮುಖ ನೋಡಿದಳು. ಗೊತ್ತಪ್ಪ ಹಿಂದೆ ತಿರುಗಿ ನೋಡಿದ, ಅಲ್ಲಿ ಬೇರೆ ಯಾರಾದರೂ ಇದ್ದಾರೋ ಎಂದು. ಗೋಡೆ ಇತ್ತು.

"ಊರೊಳಗೆ ಓಡಿಸೋ ಗಾಡಿ ಅದು" ಎಂದರು ಮಾವ. "ಸೆಂಟ್ರಿಫ್ಯೂಗಲ್ಲು ಮೇಲಿನ ವೇಗಕ್ಕೆ ಹೋದ ಮೇಲೆ ಮೈಮುರಿದು ಏಳತ್ತೆ. ಸಿಗ್ನಲ್ಲಿಂದ ಸಿಗ್ನಲ್ಲಿಗೆ ಹೋಗೋನಿಗೆ ಅದರಿಂದ ಏನು ಉಪಯೋಗ? ರೂಟ್ಸ್ ಹಾಕು. ಕಾಲಿಟ್ಟ ಕೂಡ್ಲೇ ಎಳಿಯತ್ತೆ."

"ಎಲ್ಲಾದ್ರೂ ಉಂಟಾ ಮಾವ!" ಎಂದರು ಷಡ್ಡಕರು. "ರೂಟ್ಸ್ ಹಳೇ ಕಾಲದ್ದು. ಗಾಳಿ ಕಾದು ಕೆಂಡ ಆಗತ್ತೆ. ಟ್ವಿನ್ ಸ್ಕ್ರೂ ಹಾಕ್ಲಿ."

"ಟ್ವಿನ್ನು ಅಂದ್ರೆ ಜೋಡಿ ತಾನೇ?" ಎಂದರು ಅತ್ತೆ. "ಜೋಡೀನೇ ಹಾಕಿಸಿ ಅಳಿಯಂದ್ರೇ. ಒಂದು ಕೆಟ್ರೆ ಇನ್ನೊಂದಿರತ್ತೆ."

ಮನೆ ಮೂರು ಪಕ್ಷವಾಯಿತು. ಮಜ್ಜಿಗೆ ಬರುವ ಹೊತ್ತಿಗೆ ಹೆಂಡತಿಯ ಅಕ್ಕ ಗಂಡನ ಪಕ್ಷ ಬಿಟ್ಟು ಅಪ್ಪನ ಪಕ್ಷ ಸೇರಿದ್ದಳು. ಗೊತ್ತಪ್ಪನಿಗೆ ತಲೆಬುಡ ಒಂದೂ ಅರ್ಥವಾಗಲಿಲ್ಲ. ಒಂದು ಫೋನಿನ ಚಾರ್ಜರಿಗೆ ಇಷ್ಟೊಂದು ಶಾಸ್ತ್ರವೇ? ಕೊನೆಗೆ ಮಾವ ಅವನತ್ತ ತಿರುಗಿ, "ಈ ಮೂರರ ವ್ಯತ್ಯಾಸ ನಿನಗೆ ಗೊತ್ತು ತಾನೇ?" ಎಂದರು. ಹನ್ನೊಂದು ವರ್ಷಕ್ಕೆ ಮೊದಲ ಪ್ರಶ್ನೆ.

"ಗೊತ್ತು ಮಾವ" ಎಂದ ಗೊತ್ತಪ್ಪ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು.

ವಾಪಸ್ ಬರುವಾಗ ಕಾರಿನಲ್ಲಿ ಹೆಂಡತಿ ಕೇಳಿದಳು: "ರೀ, ಇಂಜಿನ್ನಿಗೆ ಅದೇನೋ ದೊಡ್ಡ ಮಷೀನು ಕೂರಿಸ್ತೀರಂತೆ. ನನಗೆ ಒಂದು ಮಾತು ಹೇಳ್ಲಿಲ್ಲ?"

"ಯಾವ ಮಷೀನು? ಫೋನ್ ಚಾರ್ಜರ್ ಕಣೇ. ಅಲ್ಲೇ ಮುಂದೆ ಖಾನೆಯಲ್ಲಿದೆ ನೋಡು."

ಅವಳು ಡಬ್ಬಿ ನೋಡಿದಳು. ತನ್ನ ಫೋನಿನಲ್ಲಿ ಏನೋ ಹುಡುಕಿದಳು. ಆಮೇಲೆ ಒಂದು ಚಿತ್ರವನ್ನು ಅವನ ಮುಖದ ಮುಂದೆ ಹಿಡಿದಳು. ಬೀದಿಯಲ್ಲೇ ರೇಸಿನ ಹಾಗೆ ಹಾರುವ ಕಾರೊಂದರ ಬಾನೆಟ್ ಸೀಳಿಕೊಂಡು, ಪ್ರೆಶರ್ ಕುಕ್ಕರಿನ ಅಪ್ಪನಂಥ ಯಂತ್ರವೊಂದು ಹೊರಗೆ ಇಣುಕುತ್ತಿತ್ತು. ಇಂಜಿನ್ ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಅದರ ಬಾಯಿಗೆ ತುರುಕುವ ಯಂತ್ರವಂತೆ. ಇಂಜಿನ್ನೇ ಬೆಲ್ಟಿನಿಂದ ಅದನ್ನು ತಿರುಗಿಸುತ್ತದಂತೆ. ಅದರ ಹೆಸರು ಸೂಪರ್‌ಚಾರ್ಜರ್.

ಗೊತ್ತಪ್ಪ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಸ್ವಲ್ಪ ಹೊತ್ತು ಸ್ಟೇರಿಂಗಿಗೆ ಹಣೆ ಕೊಟ್ಟು ಕೂತ.

"ನಾಳೆ ಬೆಳಿಗ್ಗೆ ಫೋನ್ ಮಾಡಿ ಹೇಳ್ಬಿಡ್ತೀನಿ" ಎಂದ.

"ಹೇಳಿಬಿಡಿ" ಎಂದಳು ಹೆಂಡತಿ.

ಬೆಳಿಗ್ಗೆ ಫೋನ್ ಹುಡುಕುತ್ತಿರುವಾಗಲೇ ಬಾಗಿಲ ಗಂಟೆಯ ಸದ್ದಾಯಿತು. ತೆರೆದರೆ ಮಾವ. ಕಂಕುಳಲ್ಲಿ ಹಳದಿಗಟ್ಟಿದ ನಕ್ಷೆಗಳ ಸುರುಳಿ, ಕಿವಿಯ ಮೇಲೆ ಪೆನ್ಸಿಲು. "ಎದ್ದಿದೀಯಾ ಅಳಿಯ? ಅಂಗಡಿ ತೆಗಿಯಕ್ಕೆ ಇನ್ನೂ ಎರಡು ಗಂಟೆ ಇದೆಯಲ್ಲ, ಕೂತ್ಕೋ" ಎಂದು ಊಟದ ಮೇಜಿನ ಮೇಲೆ ಸುರುಳಿ ಬಿಡಿಸಿದರು. ಗೊತ್ತಪ್ಪ ಹೆಂಡತಿಯತ್ತ ಕಣ್ಣಲ್ಲೇ ಅಂಗಲಾಚಿದ. ಅವಳು ಅಡುಗೆಮನೆಯ ಬಾಗಿಲಿಗೆ ಕರೆದು ಪಿಸುಗುಟ್ಟಿದಳು: "ಅಪ್ಪ ಹನ್ನೊಂದು ವರ್ಷಕ್ಕೆ ನನ್ನ ಮನೆಗೆ ಬಂದಿದಾರೆ. ನಾನಂತೂ ಬಾಯಿ ಬಿಡಲ್ಲ. ನೀವೂ ಬಿಡಬೇಡಿ, ಟೀ ಕುಡಿಯೋವರೆಗೂ."

ಟೀ ಮುಗಿಯಿತು. ಗೊತ್ತಪ್ಪ ಬಾಯಿ ಬಿಡಲಿಲ್ಲ. ಮಂಗಳವಾರವೂ ಬಿಡಲಿಲ್ಲ, ಬುಧವಾರವೂ ಬಿಡಲಿಲ್ಲ. ಮಾವ ಬೆಳಿಗ್ಗೆ ಏಳಕ್ಕೆ ಬಂದು ಒಂಬತ್ತಕ್ಕೆ ಹೋಗುತ್ತಿದ್ದರು.

"ಬಸ್ಸು ಅಂತ ತಿಳ್ಕೋ" ಎನ್ನುತ್ತಿದ್ದರು. "ಇಂಜಿನ್ನೇ ಬಸ್ಸು, ಗಾಳೀನೇ ಜನ. ರೂಟ್ಸ್ ಅಂದ್ರೆ ಬಾಗಿಲಲ್ಲಿ ಇಬ್ರು ಪೈಲ್ವಾನ್ರು. ಬಂದೋರನ್ನೆಲ್ಲ ಒಳಗೆ ತಳ್ಳೋದಷ್ಟೇ ಕೆಲಸ. ಮೊದಲ ಸ್ಟಾಪಿಂದಲೇ ತಳ್ತಾರೆ. ಒಳಗೆ ನೂಕುನುಗ್ಗಲು, ಸೆಖೆ, ಜಗಳ. ಅದೇ ಬಿಸಿ. ಟ್ವಿನ್ ಸ್ಕ್ರೂ ಅಂದ್ರೆ ಬುದ್ಧಿವಂತ ಕಂಡಕ್ಟರು. ಬಾಗಿಲಿಂದ ಒಳಗೆ ಹೋಗ್ತಾ ಹೋಗ್ತಾನೇ ಒತ್ತಿ ಜೋಡಿಸ್ಕೊಂಡು ಹೋಗ್ತಾನೆ. ಗಲಾಟೆ ಕಮ್ಮಿ. ಆದರೆ ಅವನು ಸುಲಭಕ್ಕೆ ಸಿಗಲ್ಲ. ಸೆಂಟ್ರಿಫ್ಯೂಗಲ್ಲು ಬಸ್ಸು ನಿಧಾನ ಇದ್ದಾಗ ನಿದ್ದೆ ಹೊಡಿಯೋ ಕಂಡಕ್ಟರು. ವೇಗ ಏರಿದ ಹಾಗೆ ಅವನಿಗೆ ಹುರುಪು. ಕೂರಿಸಕ್ಕೆ ಸುಲಭ, ಜಾಗ ಕಮ್ಮಿ ಸಾಕು. ಈಗ ಹೇಳು, ನಿನ್ನ ಬಸ್ಸಿಗೆ ಯಾವ ಕಂಡಕ್ಟರು?"

ಗೊತ್ತಪ್ಪ "ಹೂಂ" ಎಂದ. ಈಗ ಹೂಂ ಎನ್ನುವ ಸರದಿ ಅವನದಾಗಿತ್ತು. ಪೈಲ್ವಾನರು ಸರಿ ಎನಿಸುವಾಗ ಕಂಡಕ್ಟರ್ ನೆನಪಾಗುತ್ತಿದ್ದ, ಕಂಡಕ್ಟರನ್ನು ಒಪ್ಪುವಷ್ಟರಲ್ಲಿ ನಿದ್ದೆಗಣ್ಣಿನವನ ಮೇಲೆ ಕನಿಕರ ಬರುತ್ತಿತ್ತು. ತನ್ನ ಗಿರಾಕಿಗಳು ಬೆವರುವುದು ಏಕೆಂದು ಅವನಿಗೆ ಆ ವಾರ ತಿಳಿಯಿತು.

ಬುಧವಾರ ಹೊರಡುವಾಗ ಮಾವ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರು: "ಮೂವತ್ತೆರಡು ವರ್ಷ ಎಷ್ಟು ಬಸ್ಸು ರಿಪೇರಿ ಮಾಡಿದೆ ಗೊತ್ತಾ? ಎಲ್ಲಾ ನಿಧಾನ ಹೋಗೋವು. ಇದೊಂದನ್ನ ಕೈಯಲ್ಲಿ ಮುಟ್ಟಬೇಕು ಅಂತ ಆಸೆ ಇತ್ತು. ಇಂಥದ್ದನ್ನ ಯಾರ ಹತ್ರ ಮಾತಾಡೋದು? ನಿಮ್ಮತ್ತೆ ಹತ್ರನಾ?" ಗೊತ್ತಪ್ಪನ ಎದೆ ಬಿಸಿಯಾಯಿತು. ಆ ಮುದುಕರ ಕಣ್ಣಿನಲ್ಲಿದ್ದ ಖುಷಿ ತನ್ನಿಂದ ಬಂದದ್ದು, ತನ್ನ ಸುಳ್ಳಿನಿಂದ ಬಂದದ್ದು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು ಅವನದು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಇತ್ತ ಸುದ್ದಿ ಅವನ ಕಟ್ಟಡದಲ್ಲಿ ಮಹಡಿ ಮಹಡಿ ಇಳಿಯಿತು. ಕೋಣ ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಯಾವ ಊರಲ್ಲೂ ಬರವಿಲ್ಲ. ಬುಧವಾರ ಸಂಜೆ ಮೆಟ್ಟಿಲಲ್ಲೇ ಅವನನ್ನು ಹಿಡಿದವರು ಕೆಳಗಿನ ಮನೆಯ ಹೊಲಿಗೆ ಟೀಚರು.

"ಏನ್ರೀ, ಕಾರಿಗೆ ಅದೇನೋ ಭಾರಿ ಚಾರ್ಜರ್ ಹಾಕಿದೀರಂತೆ? ಮೊನ್ನೆಯಿಂದ ನಮ್ಮನೆ ಫ್ಯಾನು ನಿಧಾನ ತಿರುಗ್ತಾ ಇದೆ!"

"ಅದು ಕರೆಂಟಿಂದಲ್ಲ ಮೇಡಂ, ಗಾಳಿದು."

"ಗಾಳೀನಾ?" ಟೀಚರು ಎದೆಗೆ ಕೈ ಇಟ್ಟುಕೊಂಡರು. "ಅಂದ್ರೆ ನಮ್ಮ ಫ್ಯಾನಿನ ಗಾಳೀನೇ ಎಳ್ಕೊಳ್ತಾ ಇದೆಯಾ?"

ಗೊತ್ತಪ್ಪ ರೂಢಿಯ ಪ್ರಕಾರ "ಗೊತ್ತು ಮೇಡಂ, ಸರಿ ಮಾಡ್ತೀನಿ" ಎಂದುಬಿಟ್ಟ. ಅಲ್ಲಿಗೆ ಅದು ತಪ್ಪೊಪ್ಪಿಗೆಯಾಯಿತು.

ಗುರುವಾರ ಬೆಳಿಗ್ಗೆ ಕಟ್ಟಡದ ಸಂಘದ ಕಾರ್ಯದರ್ಶಿ ಲಿಫ್ಟಿನ ಪಕ್ಕ ನೋಟೀಸು ಅಂಟಿಸಿದರು: "ನಿವಾಸಿಗಳು ಕಟ್ಟಡದ ಆವರಣದಲ್ಲಿ ಗಾಳಿಯನ್ನು ಅಗತ್ಯಕ್ಕಿಂತ ಹೆಚ್ಚು ಬಳಸತಕ್ಕದ್ದಲ್ಲ." ಅಂದೇ ಗೊತ್ತಪ್ಪ ಕಾರು ಚಾಲೂ ಮಾಡಿದಾಗ ಬಾನೆಟ್ಟಿನಿಂದ ಎಂದಿನಂತೆ "ಕೀಂಯ್" ಎಂದು ಕೂಗು ಬಂತು. ಎರಡು ವರ್ಷದಿಂದ ಬರುತ್ತಿದ್ದ ಕೂಗೇ ಅದು. ಆದರೆ ಅಂದು ಮೂರು ಮಹಡಿಯ ಬಾಲ್ಕನಿಗಳಲ್ಲಿ ಜನ ನಿಂತರು. "ಶುರು ಮಾಡ್ದ ನೋಡಿ" ಎಂದರು ಕಾರ್ಯದರ್ಶಿ. ಟೀಚರು ಒಳಗೋಡಿ ಫ್ಯಾನು ನೋಡಿ ಬಂದು "ಇನ್ನೂ ನಿಧಾನ ಆಯ್ತು!" ಎಂದು ಸಾರಿದರು.

ಅಂದು ಮಧ್ಯಾಹ್ನ ಅಂಗಡಿಯ ಕುರ್ಚಿಯಲ್ಲಿ ಒಬ್ಬ ದಪ್ಪ ಮೀಸೆಯ ಗಿರಾಕಿ ಕೂತಿದ್ದರು. ಗೊತ್ತಪ್ಪ ಚೌಕಟ್ಟು ಏರಿಸಿ ಗಾಜು ಇಳಿಸಿದ.

"ಇದು ಚೆನ್ನಾಗಿದೆಯಾ ಸಾರ್, ಇದಾ?"

"ಮೊದಲನೇದು. ನೀವೇನಾ ಸೂಪರ್‌ಚಾರ್ಜರ್ ಹಾಕ್ತಾ ಇರೋರು?"

ಗೊತ್ತಪ್ಪ ಇಳಿಸುತ್ತಿದ್ದ ಗಾಜು ಓರೆಯಾಯಿತು. "ಯಾ... ಯಾರು ಹೇಳಿದ್ರು ಸಾರ್?"

"ನಿಮ್ಮ ಸಂಘದ ಕಾರ್ಯದರ್ಶಿ ಅರ್ಜಿ ಕೊಟ್ಟಿದಾರೆ. ನಾನು ವಾಹನ ತಪಾಸಣೆ ಇನ್‌ಸ್ಪೆಕ್ಟರು. ಏನ್ರೀ ಇದು, ಈಗ ನೀವು ಇಬ್ರು ಕಾಣ್ತಿದೀರಿ."

"ಕ್ಷಮಿಸಿ ಸಾರ್. ಈಗ?"

"ಈಗ ಒಬ್ರೇ. ಒಬ್ರೇ ಸಾಕು. ಇಂಜಿನ್ ಬದಲಾವಣೆಗೆ ಅನುಮತಿ ಇದೆಯಾ?"

"ಒಂದು ವರ್ಷ ವಾರಂಟಿ ಇದೆ ಸಾರ್."

"ವಾರಂಟಿ ನಿಮಗೆ, ರಸ್ತೆಯಲ್ಲಿರೋರಿಗೆ?" ಇನ್‌ಸ್ಪೆಕ್ಟರು ಚೌಕಟ್ಟು ಹಾಕಿಕೊಂಡೇ ಜೇಬಿನಿಂದ ಒಂದು ನಮೂನೆ ತೆಗೆದು ಕೊಟ್ಟರು. "ಇದನ್ನ ತುಂಬಿ. ಭಾನುವಾರ ಹನ್ನೊಂದಕ್ಕೆ ನಾನೇ ಬಂದು ನೋಡ್ತೀನಿ. ಇಲ್ಲಿ ಇದೆಯಲ್ಲ, 'ಟೈಪು', ಇದು ಖಾಲಿ ಇರಬಾರದು. ಮೂರರಲ್ಲಿ ಒಂದು. ಅದಾ, ಇದಾ, ಸ್ಪಷ್ಟ ಬರೀಬೇಕು."

ಅತ್ತ ದರಿ, ಇತ್ತ ಪುಲಿ, ನಡುವೆ ನಮೂನೆ. ಗೊತ್ತಪ್ಪ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ.

ಶುಕ್ರವಾರ ಬೆಳಿಗ್ಗೆ ಮಾವ ನಕ್ಷೆಯೊಂದರ ಅಂಕಿಗಳನ್ನು ಓದಲಾಗದೆ ಕಾಗದವನ್ನು ಮೂಗಿನ ತನಕ ತಂದರು, ಮತ್ತೆ ಕೈ ಚಾಚಿದಷ್ಟು ದೂರ ಒಯ್ದರು. ಅವರ ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿತ್ತು, ಗಾಜಿನ ತುಂಬ ಗೀರು. ಅಳಿಯ ಕನ್ನಡಕದ ಅಂಗಡಿಯಲ್ಲಿದ್ದರೂ ಹನ್ನೊಂದು ವರ್ಷ ಅವರು ಆ ಮೆಟ್ಟಿಲು ಹತ್ತಿರಲಿಲ್ಲ.

"ಮಾವ, ಒಂದ್ಸಲ ಅಂಗಡಿಗೆ ಬನ್ನಿ" ಎಂದ ಗೊತ್ತಪ್ಪ. ಆಶ್ಚರ್ಯವೆಂದರೆ ಅವರು ಬಂದರು.

ಕತ್ತಲೆ ಕೋಣೆಯಲ್ಲಿ ಮಾವನನ್ನು ಕೂರಿಸಿ, ಅವರ ಕಿವಿಯ ಹಿಂದೆ ಚೌಕಟ್ಟಿನ ಕಾಲು ಮೆಲ್ಲಗೆ ಸಿಕ್ಕಿಸಿ, ಗಾಜು ಇಳಿಸಿದ. ಇಂಜಿನ್ನಿನ ಮುಂದೆ ತಡವರಿಸುವ ಕೈ ಇಲ್ಲಿ ತಡವರಿಸಲಿಲ್ಲ.

"ಮೊದಲನೇದಾ ಮಾವ, ಎರಡನೇದಾ?"

"ಗೊತ್ತಿಲ್ಲಪ್ಪ. ಎರಡೂ ಒಂದೇ ತರ ಇದೆ."

ಗೊತ್ತಪ್ಪ ಗಾಜು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ಎಷ್ಟು ಸಲೀಸಾಗಿ ಹೇಳಿಬಿಟ್ಟರು!

"ಗೊತ್ತಿಲ್ಲ ಅಂದ್ರಾ ಮಾವ?"

"ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನದೆ ಇನ್ನೇನು ಅನ್ಲಿ? ಗೊತ್ತು ಅಂದ್ರೆ ನೀನು ತಪ್ಪು ಗಾಜು ಹಾಕ್ತೀಯ, ನಾನು ಗುಂಡಿಗೆ ಬೀಳ್ತೀನಿ."

ಕತ್ತಲೆಯಲ್ಲಿ ಗೊತ್ತಪ್ಪನ ಮುಖ ಕಾಣದ್ದು ಪುಣ್ಯ. ಎರಡು ದಿನ ಬೇರೆ ಗಿರಾಕಿಗಳನ್ನು ಕಾಯಿಸಿ ಅವನೇ ಗಾಜು ಉಜ್ಜಿ, ಚೌಕಟ್ಟಿಗೆ ಕೂರಿಸಿ, ಕಾಲನ್ನು ಬಿಸಿ ಮಾಡಿ ಬಗ್ಗಿಸಿ, ಮಾವನ ಕಿವಿಗೆ ತಕ್ಕಂತೆ ತಿದ್ದಿದ. ಅಷ್ಟು ಮುತುವರ್ಜಿಯಿಂದ ಅವನು ಯಾವ ಕನ್ನಡಕವನ್ನೂ ಮಾಡಿರಲಿಲ್ಲ.

ಭಾನುವಾರ ಹನ್ನೊಂದಕ್ಕೆ ಕಟ್ಟಡದ ಅಂಗಳದಲ್ಲಿ ಮದುವೆಮನೆಯಷ್ಟು ಜನ. ಅತ್ತೆ ಬಂದಿದ್ದರು. ಷಡ್ಡಕರು ಟ್ವಿನ್ ಸ್ಕ್ರೂ ಪರವಾಗಿ ಪತ್ರಿಕೆಯ ಹಾಳೆಗಳನ್ನು ಹರಿದು ತಂದಿದ್ದರು. ಮಾವ ಡಿಪೋದ ಹಳೇ ಗೆಳೆಯ ಮೇಸ್ತ್ರಿಯನ್ನು ಕರೆತಂದಿದ್ದರು, ಅವರ ಕಾಲ ಬಳಿ ಉಪಕರಣದ ಪೆಟ್ಟಿಗೆ ಇತ್ತು. ಇನ್‌ಸ್ಪೆಕ್ಟರು ಹೊಸ ಕನ್ನಡಕದಲ್ಲಿ ಮಿಂಚುತ್ತಿದ್ದರು. ಕಾರ್ಯದರ್ಶಿ ಎಲ್ಲರನ್ನೂ ಹತ್ತು ಹೆಜ್ಜೆ ಹಿಂದೆ ನಿಲ್ಲಿಸುತ್ತಿದ್ದರು. ಟೀಚರು ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ ಬಂದಿದ್ದರು, ಇದ್ದ ಗಾಳಿಯಾದರೂ ಉಳಿಯಲಿ ಎಂದು.

ಗೊತ್ತಪ್ಪ ಮೊದಲು ಮಾವನ ಹತ್ತಿರ ಹೋಗಿ ಕನ್ನಡಕದ ಡಬ್ಬಿ ಕೊಟ್ಟ. ಮಾವ ದಾರದ ಕನ್ನಡಕ ತೆಗೆದು ಹೊಸದನ್ನು ಏರಿಸಿದರು. ಆಕಾಶ ನೋಡಿದರು. ಎದುರು ಮನೆಯ ತಂತಿಯ ಮೇಲಿದ್ದ ಕಾಗೆ ನೋಡಿದರು. ಹೆಂಡತಿಯ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು.

"ಏನ್ರೀ ಹಾಗೆ ನೋಡ್ತೀರಾ?" ಎಂದರು ಅತ್ತೆ.

"ಏನಿಲ್ಲ. ಸ್ಪಷ್ಟ ಕಾಣ್ತಿದೀಯ" ಎಂದು ಮಾವ ಕಾರಿನೊಳಗೆ ಹೋಗಿ ಕೂತರು. "ಮಾಲು ಎಲ್ಲಿಟ್ಟಿದೀಯ ಅಳಿಯ? ಡಿಕ್ಕಿಯಲ್ಲಾ?" ಎನ್ನುತ್ತಾ, ನಟ್ಟು ಬಿಚ್ಚುವ ಪಾನಾ ಸಿಕ್ಕೀತೇನೋ ಎಂದು ಮುಂದಿನ ಖಾನೆ ಎಳೆದರು.

ಒಳಗಿದ್ದದ್ದು ಪಾನಾ ಅಲ್ಲ.

ಗೊತ್ತಪ್ಪ ಕಿಟಕಿಯ ಹೊರಗಿನಿಂದ ನೋಡುತ್ತಿದ್ದ. ಮಾವ ಡಬ್ಬಿಯ ದಪ್ಪಕ್ಷರ ಓದಿದರು. ಡಬ್ಬಿಯನ್ನು ಹತ್ತಿರ ತರಲಿಲ್ಲ, ದೂರವೂ ಒಯ್ಯಲಿಲ್ಲ, ಹಿಡಿದಲ್ಲೇ ಹಿಡಿದು ಇರುವೆ ಗಾತ್ರದ ಅಕ್ಷರವನ್ನೂ ಓದಿದರು. ಗೊತ್ತಪ್ಪ ಮಾಡಿದ ಕನ್ನಡಕ ಅದು, ತಪ್ಪು ತೋರಿಸುವ ಜಾಯಮಾನದ್ದೇ ಅಲ್ಲ. ಮಾವ ಡಬ್ಬಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಖಾನೆ ಮುಚ್ಚಿದರು. ಹೊರಗೆ ಬಂದು, ಕೈ ಹಿಂದೆ ಕಟ್ಟಿಕೊಂಡು, ಎಲ್ಲರೆದುರು ಕೇಳಿದರು:

"ಹೇಳು ಅಳಿಯ. ಮೂರರಲ್ಲಿ ಯಾವುದು?"

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು. "ಟ್ವಿನ್ ಅನ್ನು!" ಎಂದು ಷಡ್ಡಕರು ಪಿಸುಗುಟ್ಟಿದರು. "ಜೋಡಿ, ಜೋಡಿ" ಎಂದರು ಅತ್ತೆ. ಗೊತ್ತಪ್ಪನ ನಾಲಿಗೆಯ ತುದಿಗೆ ಆ ಹಳೇ ಎರಡಕ್ಷರ ಬಂದು ನಿಂತಿತು. ಅವನು ಅದನ್ನು ನುಂಗಿದ. ಹಣೆಯಿಂದ ಬೆವರು ಇಳಿಯಿತು.

"ಗೊ..." ಎಂದ. "ಗೊತ್ತಿಲ್ಲ ಮಾವ."

"ಏನಂದೆ?"

"ಗೊತ್ತಿಲ್ಲ. ನನಗೆ ಯಾವುದೂ ಗೊತ್ತಿಲ್ಲ. ನಾನು ತಂದಿದ್ದು ಫೋನಿನ ಚಾರ್ಜರು. ನೀವು ಮಾತಾಡಿದ್ರಲ್ಲ, ಅದಕ್ಕೆ... ಹೇಳಿದ್ರೆ ಮತ್ತೆ ಮಾತು ಬಿಟ್ಟುಬಿಡ್ತೀರೇನೋ ಅಂತ ಹೇಳ್ಲಿಲ್ಲ. ಆವತ್ತು ಚಕ್ರ ಬದಲಾಯಿಸೋದೂ ಗೊತ್ತಿರಲಿಲ್ಲ ಮಾವ."

ಹನ್ನೊಂದು ವರ್ಷದ ಗಂಟು ಒಂದೇ ಉಸಿರಿಗೆ ಬಿಚ್ಚಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಳಿದವರು ಬೇರೆ ಬೇರೆ ರೀತಿ ಕಂಗೆಟ್ಟರು. ಷಡ್ಡಕರು "ಹಾಗಾದ್ರೆ ಕಿಟಕಿ?" ಎಂದರು. ಇನ್‌ಸ್ಪೆಕ್ಟರು ನಮೂನೆಯ ಆ ಬದಿ ಈ ಬದಿ ತಿರುಗಿಸಿ, "ಫೋನಿನ ಚಾರ್ಜರಿಗೆ ಕಾಲಂ ಇಲ್ಲವಲ್ರೀ" ಎಂದು ಗೊಣಗಿದರು. ಟೀಚರು ಮಾತ್ರ ಗೆದ್ದವರಂತೆ ಕಾರ್ಯದರ್ಶಿಯತ್ತ ತಿರುಗಿ, "ನಾನು ಮೊದಲೇ ಹೇಳ್ಲಿಲ್ವಾ, ಕರೆಂಟಿಂದೇ ಅಂತ!" ಎಂದರು.

ಮಾವ ಕಾರಿನ ಹತ್ತಿರ ಹೋದರು. ಬಾನೆಟ್ ಎತ್ತಿದರು, ಕಾರು ಚಾಲೂ ಮಾಡು ಎಂದು ಕೈಸನ್ನೆ ಮಾಡಿದರು. ಕೀಂಯ್ ಎಂದಿತು. ಹೊಸ ಕನ್ನಡಕ ಸರಿ ಮಾಡಿಕೊಂಡು ಒಳಗೆ ಬಗ್ಗಿ ನೋಡಿದರು.

"ಫ್ಯಾನ್ ಬೆಲ್ಟು ಸಡಿಲ ಆಗಿದೆ. ಇವತ್ತೋ ನಾಳೆಯೋ ಹರಿದು ಹೋಗೋದು. ಆಫ್ ಮಾಡು. ಈ ಇಂಜಿನ್ನಿಗೆ ಸೂಪರ್‌ಚಾರ್ಜರ್ ಹಾಕೋದು ಅಂದ್ರೆ ನನಗೆ ಓಟದ ಪಂದ್ಯಕ್ಕೆ ಹೆಸರು ಕೊಟ್ಟ ಹಾಗೆ." ಆಮೇಲೆ, ತಲೆ ಎತ್ತದೆ, "ಪಾನಾ ಹಿಡ್ಕೋ ಬಾ ಇಲ್ಲಿ" ಎಂದರು.

"ನನಗೆ ಇದು ಗೊತ್ತಿ..."

"ಗೊತ್ತಿಲ್ಲ ಅಂತ ಗೊತ್ತಾಯ್ತಲ್ಲ, ಅದಕ್ಕೇ ಬಾ ಅಂದಿದ್ದು. ಗೊತ್ತು ಅನ್ನೋನಿಗೆ ಹೇಗಪ್ಪ ಕಲಿಸೋದು?"

ಒಂದು ಗಂಟೆ ಅಳಿಯ ಪಾನಾ ಹಿಡಿದ, ಮಾವ ಕೈ ತೋರಿಸಿದರು, ಮೇಸ್ತ್ರಿ ಇಬ್ಬರನ್ನೂ ಬೈದರು. ಬೆಲ್ಟು ಬಿಗಿಯಾಯಿತು. ಕಾರು ಕೂಗದೆ ಚಾಲೂ ಆಯಿತು. ಟೀಚರು ಒಳಗೋಡಿ ಹೋಗಿ ಬಂದು ಫ್ಯಾನು ಜೋರಾಗಿ ತಿರುಗುತ್ತಿದೆ ಎಂದು ಎಲ್ಲರಿಗೂ ತಿಳಿಸಿದರು. ಸಂತೋಷಗೊಂಡ ಕಾರ್ಯದರ್ಶಿ ನೋಟೀಸು ಹರಿದು ಹಾಕಿದರು.

ಹೊರಡುವ ಮುನ್ನ ಮಾವ ಕಾರಿನೊಳಗೆ ಅಳಿಯನ ಪಕ್ಕ ಕೂತು, ಜೇಬಿನಿಂದ ತಮ್ಮ ಫೋನು ತೆಗೆದರು. ಗುಂಡಿಯೊತ್ತುವ ಹಳೇ ಫೋನು, ಕರ್ರಗೆ ಸತ್ತು ಬಿದ್ದಿತ್ತು.

"ಎರಡು ದಿನದಿಂದ ಜೀವ ಇಲ್ಲ ಇದಕ್ಕೆ. ಎಲ್ಲಿ, ನಿನ್ನ ಸೂಪರ್ ಚಾರ್ಜರ್ ಹಾಕು ನೋಡೋಣ."

ಗೊತ್ತಪ್ಪ ಡಬ್ಬಿ ಒಡೆದು ತೂತಿಗಿಟ್ಟು ಒತ್ತಿದ, ಕೂತಿತು. ತಂತಿಯ ತುದಿಯನ್ನು ಮಾವನ ಫೋನಿಗೆ ಹಿಡಿದ, ಹೋಗಲಿಲ್ಲ. ತಿರುಗಿಸಿ ಹಿಡಿದ, ಆಗಲೂ ಹೋಗಲಿಲ್ಲ.

"ಏನಾಯ್ತು?"

"ಟೈಪು ಬೇರೆ ಮಾವ. ನಿಮ್ಮದು ಸಿ ಅಲ್ಲ."

"ಮತ್ತೆ ಯಾವುದು?"

"ಗೊತ್ತಿಲ್ಲ ಮಾವ" ಎಂದ ಗೊತ್ತಪ್ಪ. ಎರಡನೆಯ ಸಲ ಅದು ಸಲೀಸಾಗಿಯೇ ಬಂತು.

ಮಾವ ಸತ್ತ ಫೋನನ್ನು ಮತ್ತೆ ಜೇಬಿಗಿಟ್ಟು, ಬಾಗಿಲು ತೆಗೆದು ಇಳಿದರು. ಬಗ್ಗಿ, ಕಿಟಕಿಯಿಂದ ಹೊಸ ಕನ್ನಡಕ ತೂರಿಸಿ ಹೇಳಿದರು:

"ನನಗೂ ಗೊತ್ತಿಲ್ಲ. ಹದಿನೈದು ದಿನ ಟೈಮಿದೆ ಅಂದ್ಯಲ್ಲ? ಬೆಳಿಗ್ಗೆ ಏಳಕ್ಕೆ ಬರ್ತೀನಿ, ಕೂತು ಆರಿಸೋಣ."